ಡೇಟಾ ಒಂಚೂರೂ ಹೋಗಿಲ್ಲ

ಅಣ್ಣನ ಒಂದಕ್ಷರ ಅಳಿಸದೆ, ಒಂದು ಫೋಟೋ ಕಳೆಯದೆ, ಮನೆಯ ಹಳೆಯ ಕಂಪ್ಯೂಟರಿನಲ್ಲಿ ಎರಡನೆಯ ಆಪರೇಟಿಂಗ್ ಸಿಸ್ಟಮ್ ಪ್ರತಿಷ್ಠಾಪನೆ ಮಾಡಿ ತೋರಿಸುತ್ತೇನೆ, ಇಲ್ಲದಿದ್ದರೆ ನನ್ನ ಹೆಸರು ಆನಂದನೇ ಅಲ್ಲ ಎಂದು ಆನಂದ ಒಂದು ಭಾನುವಾರ ಬೆಳಿಗ್ಗೆ ಇಡ್ಲಿ ತಟ್ಟೆಯ ಮುಂದೆ ಕೂತು ಶಪಥ ಮಾಡಿದ. ಮನೆಯವರೆಲ್ಲ ತಿಂದು ಎದ್ದು ಹೋಗಿದ್ದರಿಂದ ಶಪಥ ಕೇಳಿಸಿಕೊಂಡವಳು ಹೆಂಡತಿ ಪದ್ಮಶ್ರೀ ಒಬ್ಬಳೇ. ಅವಳು ಚಟ್ನಿ ಬಡಿಸುತ್ತಾ, "ಹಂಗಾದ್ರೆ ಇನ್ನೊಂದ್ ಹೆಸ್ರು ಈಗ್ಲೇ ಯೋಚ್ನೆ ಮಾಡಿಟ್ಕೊಳ್ಳಿ" ಎಂದಳು.

ಹೆಂಡತಿಯ ಮಾತನ್ನು ಅಪಶಕುನವೆಂದು ಎಣಿಸಿ ಎದ್ದುಹೋಗುವ ಬುದ್ಧಿವಂತ ಗಂಡಂದಿರು ಎಲ್ಲಾದರೂ ಇದ್ದಾರು. ಆನಂದ ಆ ಪೈಕಿ ಅಲ್ಲ. ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಅವನಿಗೆ ಕೆಲಸ. ಅಲ್ಲಿ ಪ್ರಿಂಟರಿನೊಳಗೆ ಕಾಗದ ಸಿಕ್ಕಿಕೊಂಡರೆ ಎಳೆದು ತೆಗೆಯುವವನು ಅವನೇ. ಆ ಒಂದು ಪರಾಕ್ರಮದ ಮೇಲೆ ಇಡೀ ಸ್ಟೋರ್ಸು ಅವನನ್ನು ಕಂಪ್ಯೂಟರ್ ಪಂಡಿತನೆಂದು ಕರೆಯುತ್ತಿತ್ತು. ಅವನೂ ಇಲ್ಲ ಎನ್ನುತ್ತಿರಲಿಲ್ಲ.

ಮನೆಯ ಕಂಪ್ಯೂಟರಿನಲ್ಲಿದ್ದದ್ದು ವಿಂಡೋಸ್ ಹತ್ತು. ಅದರ ಕಾಲ ಮುಗಿದಿತ್ತು. ಇನ್ನು ನಿಮಗೆ ರಕ್ಷಣೆ ಇಲ್ಲ ಎಂದು ಅದು ದಿನವೂ ಪರದೆಯ ಮೇಲೆ ಬಂದು ಅಳುತ್ತಿತ್ತು. ಹೋಗಲಿ, ಹನ್ನೊಂದನ್ನು ಹಾಕೋಣವೆಂದರೆ ನಿಮ್ಮ ಯಂತ್ರಕ್ಕೆ ಆ ಯೋಗ್ಯತೆ ಇಲ್ಲ ಎಂದು ಮುಖದ ಮೇಲೆ ಹೊಡೆದ ಹಾಗೆ ಹೇಳುತ್ತಿತ್ತು. ಆಗ ದಾರಿ ತೋರಿಸಿದವನು ಮುದಸ್ಸಿರ್. ಫ್ರೇಜರ್ ಟೌನಿನವನು, ಅದೇ ಕಾರ್ಖಾನೆಯ ಕಂಪ್ಯೂಟರ್ ವಿಭಾಗದವನು, ಲಿನಕ್ಸ್ ಎಂಬ ಸಿಸ್ಟಮ್ಮಿನ ಪರಮ ಭಕ್ತ. "ಮಗಾ, ಹಳೇದನ್ನ ಕೀಳ್ಬೇಡ. ಅದ್ರ ಪಕ್ಕದಲ್ಲೇ ಇದನ್ನ ಹಾಕು. ಎರಡೂ ಇರ್ಲಿ. ಆನ್ ಮಾಡ್ದಾಗ ಯಾವ್ದು ಬೇಕು ಅಂತ ಅದೇ ಕೇಳ್ತದೆ" ಎಂದು ಅವನು ಉಪದೇಶ ಕೊಟ್ಟ. ಅದಕ್ಕೆ ಮೊದಲು ಡಿಸ್ಕಿನಲ್ಲಿ ಜಾಗ ಬಿಡಿಸಬೇಕು, ಅಂದರೆ ಇದ್ದ ಒಂದನ್ನು ಎರಡು ಭಾಗ ಮಾಡಬೇಕು. ಅದಕ್ಕೆ ಪಾರ್ಟಿಷನ್ ಎಂದು ಹೆಸರು.

ಈ ಪದವೇ ಆನಂದನ ಮನೆಗೆ ಮುಳುವಾದದ್ದು. ಯಾಕೆಂದರೆ ಬೆಂಗಳೂರಿನ ಪೂರ್ವದ ಹಳೇ ಊರುಗಳಲ್ಲಿ ಪಾರ್ಟಿಷನ್ ಎಂಬ ಇಂಗ್ಲಿಷ್ ಪದವನ್ನು ಯಾರೂ ಶಾಲೆಗೆ ಹೋಗಿ ಕಲಿತದ್ದಲ್ಲ. ಅದು ಕೋರ್ಟಿನಿಂದ ನೇರವಾಗಿ ಮನೆಗೆ ಬಂದದ್ದು. ಎಬಿಸಿಡಿ ಬಾರದ ಅಜ್ಜಿಯರಿಗೂ ಪಾರ್ಟಿಷನ್, ಸ್ಟೇ, ಇಂಜಂಕ್ಷನ್ ಎಂಬ ಪದಗಳು ಚೊಕ್ಕವಾಗಿ ಬರುತ್ತವೆ. ರಾಗಿ ಹೊಲ, ದ್ರಾಕ್ಷಿ ತೋಟ ಇದ್ದಷ್ಟು ದಿನ ಒಟ್ಟಿಗೆ ಉಂಡವರು, ಹೊಲದ ಮೇಲೆ ಕಟ್ಟಡ ಎದ್ದು ಬಾಡಿಗೆ ಬರಲು ಶುರುವಾದ ಮೇಲೆ ಒಬ್ಬೊಬ್ಬರಾಗಿ ಬೇರೆಯಾದರು. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂಬ ಗಾದೆಗೆ ಆನಂದನ ಬೀದಿಯಲ್ಲಿ ಮನೆಗೊಂದು ಉದಾಹರಣೆ ಸಿಗುತ್ತಿತ್ತು. ಬೀದಿಗೆಲ್ಲ ಒಂದೇ ಒಂದು ಮನೆ ಒಡೆಯದೆ ಉಳಿದಿತ್ತು. ಅದು ಆಂಜನಮ್ಮನ ಮನೆ.

ಆಂಜನಮ್ಮ ಆನಂದನ ತಾಯಿ. ಅವಳಿಗೆ ಇಬ್ಬರು ಗಂಡುಮಕ್ಕಳು. ಹಿರಿಯವನು ಮುನಿಆಂಜನಪ್ಪ, ಕಿರಿಯವನು ಆನಂದ. ಇಬ್ಬರಿಗೂ ಹೆಂಡತಿ ಮಕ್ಕಳಿದ್ದರು, ಎಲ್ಲರಿಗೂ ಒಂದೇ ಅಡುಗೆಮನೆ. ಗಂಡ ತೀರಿಕೊಂಡ ದಿನ ಅವಳು ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಕೇಳಿದ್ದು ಇಷ್ಟೇ, "ನಾನ್ ಕಣ್ ಮುಚ್ಚೋಗಂಟ ಒಲೆ ಒಂದೇ ಇರ್ಲಿ ಕಣ್ರಪ್ಪ. ಆಮೇಲೆ ನೀವುಂಟು ನಿಮ್ಮ ಹಣೇಬರ ಉಂಟು." ಅವಳಿಗೆ ಬೇರೆ ಯಾವ ಆಸೆಯೂ ಇರಲಿಲ್ಲ. ಕಾಶಿಗೆ ಕರೆದುಕೊಂಡು ಹೋಗುತ್ತೇವೆ ಎಂದರೂ ಬೇಡವೆಂದಳು, ತಾನು ಬರುವಷ್ಟರಲ್ಲಿ ಒಲೆ ಎರಡಾಗಿಬಿಟ್ಟರೆ ಎಂಬ ಭಯ. ಮನೆಯಲ್ಲಿ ಪಾಲು ಎಂಬ ಮಾತು ಯಾರ ಬಾಯಲ್ಲೂ ಬರುವಂತಿರಲಿಲ್ಲ. ಬೆಳಗ್ಗೆ ಬಾಗಿಲಿಗೆ ಬಂದು "ಪಾಲ್!" ಎಂದು ಕೂಗುತ್ತಿದ್ದ ತಮಿಳಿನ ಹಾಲಿನವನನ್ನು ಸಹ ಅವಳು ಬಿಟ್ಟಿರಲಿಲ್ಲ, ಇನ್ನು ಮೇಲೆ ಗಂಟೆ ಬಾರಿಸಿ ಸುಮ್ಮನೆ ನಿಲ್ಲು ಎಂದು ತಾಕೀತು ಮಾಡಿದ್ದಳು.

ಇಂಥ ಮನೆಯಲ್ಲಿ ಆನಂದ ಪಾರ್ಟಿಷನ್ ಮಾಡಲು ಕೂತ.

ಕೂರುವಾಗ ಅವನು ಅಣ್ಣನನ್ನು ಕೇಳಲಿಲ್ಲ. ಕೇಳುವಂತೆಯೂ ಇರಲಿಲ್ಲ. ಜಮೀನಿನ ಕಾಗದಗಳನ್ನು ಸ್ಕ್ಯಾನ್ ಮಾಡಿಟ್ಟದ್ದು, ಮಕ್ಕಳ ನಾಮಕರಣದ ವೀಡಿಯೊ, ಅಪ್ಪ ಬದುಕಿದ್ದಾಗ ತೆಗೆದ ಫೋಟೋಗಳು, ಹೀಗೆ ಮುನಿಆಂಜನಪ್ಪನ ಸಮಸ್ತವೂ ಆ ಕಂಪ್ಯೂಟರಿನೊಳಗೇ ಇತ್ತು. ಹಾಲಿನ ಮೂಲೆಯಲ್ಲಿ ಅದನ್ನಿಟ್ಟ ಮೇಜನ್ನು ಅವನು ಊದಿನಕಡ್ಡಿ ಹಚ್ಚುವುದೊಂದು ಬಾಕಿ ಎಂಬಂತೆ ನೋಡಿಕೊಳ್ಳುತ್ತಿದ್ದ. ಮುಟ್ಟಬೇಡ ಎಂದು ತಮ್ಮನಿಗೆ ಮೊದಲೇ ಹೇಳಿಯೂ ಇದ್ದ. ಆ ಭಾನುವಾರ ಅವನು ಯಾರದೋ ಮದುವೆಗೆಂದು ಕೆ.ಆರ್. ಪುರಂಗೆ ಹೋಗಿದ್ದ. ಬರುವಷ್ಟರಲ್ಲಿ ಮುಗಿಸಿಬಿಟ್ಟರೆ ಅವನಿಗೆ ತಿಳಿಯುವುದೂ ಇಲ್ಲ, ಕಂಪ್ಯೂಟರಿನ ಅಳುವೂ ನಿಲ್ಲುತ್ತದೆ ಎಂದು ಆನಂದನ ಲೆಕ್ಕ. ಸುರಕ್ಷತೆಯಲ್ಲಿ ಅವನು ಯಾವ ಕೊರತೆಯನ್ನೂ ಮಾಡಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಶಿವಾಜಿನಗರಕ್ಕೆ ಹೋಗಿ ಹೊಸ ಹಾರ್ಡ್ ಡಿಸ್ಕ್ ತಂದು ಅಣ್ಣನದೆಲ್ಲವನ್ನೂ ಅದಕ್ಕೆ ಕಾಪಿ ಮಾಡಿಟ್ಟಿದ್ದ. ಕರೆಂಟು ಹೋದರೆ ಇರಲಿ ಎಂದು ಯುಪಿಎಸ್ ನೋಡಿಕೊಂಡಿದ್ದ. ಮಕ್ಕಳನ್ನು ಆಚೆ ಕಳಿಸಿದ್ದ. ಕೈಗಳು ಕೀಬೋರ್ಡಿಗೆ ಬೇಕು ಎಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮುದಸ್ಸಿರ್‌ಗೆ ಫೋನ್ ಮಾಡಿದ. ಹಿಂದೆ ಸೋಫಾದ ಬುಡದಲ್ಲಿ ಅಮ್ಮ ಕೂತು ಅವರೆಕಾಯಿ ಸುಲಿಯುತ್ತಿರುವುದನ್ನು ಮಾತ್ರ ಅವನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅಮ್ಮನಿಗೂ ಕಂಪ್ಯೂಟರಿಗೂ ಏನು ಸಂಬಂಧ!

ಮುದಸ್ಸಿರ್ ಹೇಳಿದ್ದು ಆನಂದನ ಕಿವಿಯೊಳಗೇ ಉಳಿಯಿತು. ಆನಂದ ಹೇಳಿದ್ದು ಹಾಲಿಗೆಲ್ಲ ಕೇಳಿಸಿತು.

"ಹೂಂ ಕಣೋ, ಪಾರ್ಟಿಷನ್ ಇವತ್ತೇ ಮಾಡ್ಬಿಡ್ತೀನಿ. ಅಣ್ಣ ಬರೋದ್ರೊಳ್ಗೆ ಮುಗ್ದಿರ್ಬೇಕು."

ಆಂಜನಮ್ಮನ ಕೈಯಲ್ಲಿದ್ದ ಕಾಯಿ ಸಿಪ್ಪೆ ಬಿಡಲಿಲ್ಲ.

"ಅಣ್ಣಂದು ಬಹಳ ಜಾಸ್ತಿ ಐತೆ ಗುರು. ಸುಮ್ನೆ ಖಾಲಿ ಬಿದ್ದಿದೆ. ಅರ್ಧಕ್ಕೆ ಇಳ್ಸಿದ್ರೂ ಅವ್ನಿಗೇನೂ ಗೊತ್ತಾಗಲ್ಲ... ಇಲ್ಲ, ಅವ್ನನ್ನ ಕೇಳಿಲ್ಲ. ಕೇಳಿದ್ರೆ ಬೇಡ ಅಂತಾನೆ."

ಆಮೇಲೆ ಮುದಸ್ಸಿರ್ ಪಾಪ, ಒಳ್ಳೆಯ ಮನಸ್ಸಿನಿಂದಲೇ, ಅಣ್ಣನದಾಯಿತು, ಅಮ್ಮನ ಫೋಟೋ ಗೀಟೋ ಏನಾದರೂ ಇದ್ದರೆ ಅದನ್ನೂ ನೋಡಿಕೋ ಎಂದ. ಆನಂದ ನಕ್ಕು, "ಅಮ್ಮಂದಾ? ಅಮ್ಮಂದೇನಿದೆ ಇದ್ರಲ್ಲಿ, ಏನೂ ಇಲ್ಲ" ಎಂದ.

ಆಂಜನಮ್ಮ ಎದ್ದಳು. ಕಾಳು ಯಾವುದು ಸಿಪ್ಪೆ ಯಾವುದು ಎಂದು ನೋಡದೆ ಎಲ್ಲವನ್ನೂ ಒಂದೇ ಮೊರಕ್ಕೆ ಸುರಿದು ಅಡುಗೆಮನೆಗೆ ಹೋದಳು. ಅಲ್ಲಿ ಹಿರಿಯ ಸೊಸೆ ಮುನಿಲಕ್ಷ್ಮಮ್ಮ ಹುಳಿಗೆ ಒಗ್ಗರಣೆ ಹಾಕುತ್ತಿದ್ದಳು. ಅವಳ ಹತ್ತಿರ ಆಂಜನಮ್ಮ ಅತ್ತಳೋ, ಶಪಿಸಿದಳೋ ಎಂದರೆ ಎರಡೂ ಇಲ್ಲ. "ಆನಂದ ಪಾರ್ಟಿಷನ್ ಮಾಡ್ತಾವ್ನೆ ಕಣಮ್ಮ" ಎಂದಳು. ಅಷ್ಟು ಹೇಳಿ ಒಲೆಯ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಾವು. ಮುನಿಲಕ್ಷ್ಮಮ್ಮ ಒಗ್ಗರಣೆ ಸೌಟನ್ನು ಕೆಳಗಿಡದೆಯೇ ಗಂಡನಿಗೆ ಫೋನ್ ಮಾಡಿದಳು. ಮುನಿಆಂಜನಪ್ಪ ಆಗ ಮದುವೆ ಊಟ ಮುಗಿಸಿ ಹೊರಟು ಕೆ.ಆರ್. ಪುರಂ ಸೇತುವೆಯ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡಿದ್ದ. ಅಲ್ಲಿ ಸಿಕ್ಕಿಹಾಕಿಕೊಂಡವನಿಗೆ ಗಾಡಿ ಓಡಿಸುವ ಕೆಲಸ ಕಡಿಮೆ, ಯೋಚನೆ ಮಾಡುವ ಕೆಲಸ ಜಾಸ್ತಿ. ಮೊದಲು ಅವನಿಗೆ ನಂಬಿಕೆ ಬರಲಿಲ್ಲ. ಮುಂದಿನ ಲಾರಿ ಅಲುಗಾಡುವಷ್ಟರಲ್ಲಿ ದುಃಖ ಬಂತು. ಟಿನ್ ಫ್ಯಾಕ್ಟರಿ ಸ್ಟಾಪು ದಾಟುವಷ್ಟರಲ್ಲಿ ಸಿಟ್ಟು ಬಂತು. ದಾರಿ ಖಾಲಿ ಇದ್ದಿದ್ದರೆ ಅವನು ಆ ಅಪನಂಬಿಕೆಯಲ್ಲೇ ಮನೆ ಸೇರಿರುತ್ತಿದ್ದ.

ಇತ್ತ ಆನಂದನಿಗೂ ಸಂಕಟ ಶುರುವಾಗಿತ್ತು. ಡಿಸ್ಕು ಭಾಗವಾಯಿತು, ಪೆನ್ ಡ್ರೈವಿನಿಂದ ಹೊಸ ಸಿಸ್ಟಮ್ ಒಳಗೆ ಇಳಿಯಿತು, ಮುಗಿಯಿತು, ಮತ್ತೆ ಶುರು ಮಾಡಿ ಎಂದು ಅದೇ ಹೇಳಿತು. ಮತ್ತೆ ಶುರು ಮಾಡಿದರೆ ಕರೀ ಪರದೆ! ಮೂಲೆಯಲ್ಲಿ ಒಂದು ಬಿಳೀ ಗೆರೆ ಮಿಣುಕುತ್ತಿತ್ತು, ಅಷ್ಟೆ. ಹಳೆಯದೂ ಇಲ್ಲ, ಹೊಸದೂ ಇಲ್ಲ. ಮುದಸ್ಸಿರ್‌ಗೆ ಫೋನ್ ಮಾಡಿದರೆ ಅವನು ಊಟಕ್ಕೆ ಕೂತಿದ್ದ, ಎತ್ತಲಿಲ್ಲ. ಆನಂದ ಬೆವರು ಒರೆಸಿಕೊಳ್ಳುತ್ತಾ, ತನಗೆ ಬರುವ ಅರ್ಧ ಆಂಜನೇಯ ದಂಡಕವನ್ನು ಹೇಳಿಕೊಳ್ಳುತ್ತಾ ಕೂತಿದ್ದಾಗ ಬೆನ್ನ ಹಿಂದೆ ಅಣ್ಣ ಬಂದು ನಿಂತ.

"ಏನ್ ಮಾಡ್ತಿದೀಯ?" ಎಂದು ಮುನಿಆಂಜನಪ್ಪ ಕೇಳಿದ. ದನಿ ಏರಿರಲಿಲ್ಲ.

ಆನಂದ ಬೆಚ್ಚಿಬಿದ್ದ. ಯಾರೋ ಫೋನ್ ಮಾಡಿ ಹೇಳಿಬಿಟ್ಟಿದ್ದಾರೆ, ಇನ್ನು ಮುಚ್ಚಿಟ್ಟು ಫಲವಿಲ್ಲ ಎಂದುಕೊಂಡ. "ಪಾರ್ಟಿಷನ್ ಅಣ್ಣ. ಅರ್ಧಕ್ಕರ್ಧ ಆಗೋಗಿದೆ."

"ಆಗೋಗಿದ್ಯಾ?"

"ನಿಂದೇನೂ ಮುಟ್ಟಿಲ್ಲ, ದೇವ್ರಾಣೆ. ನಿಂದು ನಿಂಗೆ, ನಂದು ನಂಗೆ. ಒಬ್ಬರಿಂದ ಇನ್ನೊಬ್ರಿಗೆ ತೊಂದ್ರೆ ಇಲ್ಲ."

"ನನ್ನನ್ ಒಂದ್ ಮಾತು ಕೇಳ್ಬೇಕು ಅನ್ನಿಸ್ಲಿಲ್ವೇನೋ?"

"ಕೇಳಿದ್ರೆ ಬೇಡ ಅಂತಿದ್ದೆ."

ಮುನಿಆಂಜನಪ್ಪ ಸೋಫಾದ ತೋಳು ಹಿಡಿದುಕೊಂಡ. ಯಾರು ಹೇಳಿಕೊಟ್ಟರು, ಪದ್ಮಶ್ರೀನಾ ಎಂದು ಕೇಳಿದ. ಅವಳಿಗೇನು ಗೊತ್ತು, ಹೇಳಿಕೊಟ್ಟವನು ಮುದಸ್ಸಿರ್, ಕಾರ್ಖಾನೆಯಲ್ಲಿ ಎಷ್ಟೋ ಜನರ ಮನೆಯಲ್ಲಿ ಅವನೇ ಕೂತು ಮಾಡಿಸಿದ್ದಾನೆ ಎಂದು ಆನಂದ ಹೆಮ್ಮೆಯಿಂದ ಹೇಳಿದ. ಪ್ರತಿ ರಂಜಾನಿಗೂ ತಪ್ಪದೆ ಬಿರಿಯಾನಿ ಡಬ್ಬಿ ಕಳಿಸುವ ಸಾಧುಮನುಷ್ಯ ಇಂಥ ಕಸುಬು ಹಿಡಿದಿದ್ದಾನೆಯೇ ಎಂದು ಮುನಿಆಂಜನಪ್ಪ ಹಣೆ ಚಚ್ಚಿಕೊಂಡ. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿಗೆ ಆಂಜನಮ್ಮ, ಅವಳ ಹಿಂದೆ ಮುನಿಲಕ್ಷ್ಮಮ್ಮ, ಮೆಟ್ಟಿಲಿನ ಕೊನೆಗೆ ಮಾತು ಕೇಳಿ ಮಹಡಿಯಿಂದ ಇಳಿದು ಬಂದ ಪದ್ಮಶ್ರೀ, ಎಲ್ಲರೂ ಸೇರಿದ್ದರು.

"ಏನ್ ಕಮ್ಮಿ ಆಗಿತ್ತು ನಿಂಗೆ? ಎಲ್ಲಾ ಸರಿಯಾಗೇ ನಡೀತಿತ್ತಲ್ಲೋ."

"ಎಲ್ಲಿ ಸರಿಯಾಗಿತ್ತು? ಹಳೇದಕ್ಕೆ ಸಾಯೋ ಕಾಲ ಬಂದಿದೆ ಅಣ್ಣ. ಇವತ್ತೋ ನಾಳೆನೋ. ಅದು ಕಣ್ ಮುಚ್ಚೋಕೆ ಮುಂಚೆ ಬೇರೆ ಮಾಡ್ಕೊಂಡ್ರೆ ನಮ್ಗೆ ಕ್ಷೇಮ."

ಆಂಜನಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಆಗ ಮುನಿಆಂಜನಪ್ಪನಿಗೆ ತಡೆಯಲಾಗಲಿಲ್ಲ. ಹೆತ್ತ ತಾಯಿಯ ಎದುರಿಗೇ ಇಂಥ ಮಾತಾಡುವ ನಾಲಿಗೆ ಇದೆಯೇನೋ ನಿನಗೆ ಎಂದು ಕೂಗಾಡಿದ. "ಆವತ್ತೇ ಹೇಳ್ದ ಶ್ರೀನಾಥ. ತಮ್ಮ ಕೇಳೋಕೆ ಮುಂಚೆ ನೀನೇ ಕೇಳ್ಬಿಡು, ಇಲ್ದಿದ್ರೆ ಮೂಲೆ ಸೇರ್ತೀಯ ಅಂತ. ನಾನೇ ದಡ್ಡ, ಕಿವಿಗೆ ಹಾಕ್ಕೊಳ್ಲಿಲ್ಲ" ಎಂದ. ಶ್ರೀನಾಥ್ ಎಂದರೆ ಹಲಸೂರಿನ ವಕೀಲ, ಮುನಿಆಂಜನಪ್ಪನ ಜೊತೆ ಓದಿದವನು.

"ಹಳೇದು ಅಂದ್ರೆ ವಿಂಡೋಸು ಅಣ್ಣ" ಎಂದ ಆನಂದ.

ಆನಂದ ಕರೀ ಪರದೆಯ ಕಡೆ ಕೈ ತೋರಿಸಿ, ತೊದಲುತ್ತಾ, ಡಿಸ್ಕು, ಪೆನ್ ಡ್ರೈವು, ಲಿನಕ್ಸು, ಮುದಸ್ಸಿರ್ ಎಂದು ಮೊದಲಿನಿಂದ ಎಲ್ಲವನ್ನೂ ಹೇಳಿದ. ಪಾರ್ಟಿಷನ್ ಆದದ್ದು ಡಬ್ಬದೊಳಗೆ, ಮನೆಗಲ್ಲ ಎಂದು ಅಮ್ಮನ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದ. ಮೊದಲು ನಕ್ಕವಳು ಮುನಿಲಕ್ಷ್ಮಮ್ಮ. ಅವಳನ್ನು ನೋಡಿ ಮುನಿಆಂಜನಪ್ಪನಿಗೂ ನಗು ಬಂತು. ಕಣ್ಣೊರೆಸಿಕೊಳ್ಳುತ್ತಾ ತಮ್ಮನ ಬೆನ್ನಿಗೆ ಒಂದು ಗುದ್ದು ಕೊಟ್ಟ. ಆಂಜನಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, "ನಿನ್ ಕಂಪ್ಯೂಟರ್‌ಗೆ ಬೆಂಕಿ ಹಾಕ, ನನ್ ಜೀವ ಹೋಗಿ ಬಂತು" ಎಂದಳು. ಕಥೆ ಇಲ್ಲಿಗೆ ಮುಗಿದಿದ್ದರೆ ನಾನೂ ನೀವೂ ನಕ್ಕು ಮನೆಗೆ ಹೋಗಬಹುದಿತ್ತು.

ಪದ್ಮಶ್ರೀ ನಗಲಿಲ್ಲ. ಅವಳು ಮೆಟ್ಟಿಲಿನ ಕೊನೆಯಲ್ಲಿ ನಿಂತಲ್ಲೇ ನಿಂತು ಕೇಳಿದಳು. "ಭಾವ, ಆವತ್ತೇ ಹೇಳ್ದ ಅಂದ್ರಲ್ಲ. ಆವತ್ತು ಅಂದ್ರೆ ಯಾವತ್ತು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಕಳ್ಳ ಎಂದಿರಲಿಲ್ಲ, ಕುಂಬಳಕಾಯಿಯ ಹೆಸರನ್ನೂ ಎತ್ತಿರಲಿಲ್ಲ. ಆದರೂ ಮುನಿಆಂಜನಪ್ಪನ ಹೆಗಲ ಮೇಲಿನ ಬೂದಿ ಎಲ್ಲರಿಗೂ ಕಾಣಿಸಿಬಿಟ್ಟಿತು. ಅವನು ಹೆಂಡತಿಯ ಮುಖ ನೋಡಿದ. ಹೆಂಡತಿ ನೆಲ ನೋಡಿದಳು. ಸುಮ್ಮನೆ ಮಾತಿಗೆ ಮಾತು ಬಂತು, ಹಲಸೂರಿಗೆ ಹೋಗಿದ್ದಾಗ ಹಾಗೇ ಅವನ ಆಫೀಸಿಗೆ ಹೋಗಿದ್ದೆ ಎಂದ. ಎಷ್ಟು ಸಲ ಹೋಗಿದ್ದಿರಿ ಎಂದು ಪದ್ಮಶ್ರೀ ಕೇಳಿದಳು.

"ನೀನೂ ಹೋಗಿದ್ಯೇನಪ್ಪ ಮುನಿಯ?" ಎಂದು ಆಂಜನಮ್ಮ ಕೇಳಿದಳು.

ಅವಳು ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದನೋ ಏನೋ. ಮೆಲ್ಲಗೆ ಕೇಳಿದ್ದು ತಡೆಯಲಾಗಲಿಲ್ಲ. "ಅಪ್ಪ ಹೋದಾಗ ನಾನು ಓದು ಬಿಟ್ಟೆ ಅಮ್ಮ. ಇವನನ್ನ ಓದಿಸ್ದೆ. ಬಾಡಿಗೆ ವಸೂಲಿ, ಕಂದಾಯ, ಕೋರ್ಟು, ಎಲ್ಲಾ ನಾನೇ ಅಲೆದೆ. ಆಮೇಲೆ ಮನೇಲಿ ಲೆಕ್ಕ ಕೇಳೋಕ್ ಶುರು ಮಾಡಿದ್ರು. ಬಾಯಲ್ಲಿ ಕೇಳ್ಲಿಲ್ಲ, ಕಣ್ಣಲ್ಲಿ ಕೇಳಿದ್ರು. ನನ್ ಮನೇಲೇ ನಾನ್ ಕಳ್ಳ ಆದೆ. ಅದ್ಕೆ ಹೋಗಿದ್ದೆ" ಎಂದ. ಅವನು ಅತ್ತದ್ದನ್ನು ಆನಂದ ಮೊದಲ ಸಲ ನೋಡಿದ. ಅವನಿಗೆ ಹೋಗಿ ಅಣ್ಣನನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಒಂದು ಹೆಜ್ಜೆ ಇಟ್ಟೂ ಬಿಟ್ಟ. ಆದರೆ ಅವನಿಗಿಂತ ಮೊದಲೇ ಹೆಂಗಸರು ಮಾತಿಗೆ ಇಳಿದಿದ್ದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಮಧ್ಯಾಹ್ನ ಆ ಹಾಲಿನಲ್ಲಿ ಒಡೆದ ಮುತ್ತುಗಳನ್ನು ಗುಡಿಸಿ ಹಾಕಲು ಒಂದು ಪೊರಕೆ ಸಾಲದು. ಯಾರ ಬಾಣಂತನಕ್ಕೆ ತುಪ್ಪ ಜಾಸ್ತಿ ಬಂತು, ಯಾರ ತವರಿನವರು ಬಂದಾಗ ಕೋಳಿ ಕುಯ್ಯಲಿಲ್ಲ, ಬೀದಿಯ ಕಡೆಯ ಕಿಟಕಿಯ ಕೋಣೆ ಯಾರಿಗೆ ಸಿಕ್ಕಿತು, ಯಾರು ಯಾರ ಎಂಜಲು ತಟ್ಟೆ ಎಷ್ಟು ವರ್ಷ ತೊಳೆದರು, ಎಲ್ಲವೂ ಈಚೆಗೆ ಬಂತು. ಇದನ್ನೆಲ್ಲ ಇಬ್ಬರೂ ಇಷ್ಟು ದಿನ ಒಂದೇ ಒಲೆಯ ಮುಂದೆ ನಿಂತು ಒಳಗೇ ಬೇಯಿಸಿಕೊಳ್ಳುತ್ತಿದ್ದರು ಎಂಬುದು ಗಂಡಂದಿರಿಗೆ ತಿಳಿದೇ ಇರಲಿಲ್ಲ. ಆಂಜನಮ್ಮನಿಗೆ ತಿಳಿದಿತ್ತು. ಅದಕ್ಕೇ ಅವಳು ಕಾಶಿಗೆ ಹೋಗಿರಲಿಲ್ಲ. ಇದರ ನಟ್ಟನಡುವೆ ಮುದಸ್ಸಿರ್ ಊಟ ಮುಗಿಸಿ ವಾಪಸ್ ಫೋನ್ ಮಾಡಿ, ಪಾರ್ಟಿಷನ್ ಸಲೀಸಾಗಿ ಆಯಿತೇ ಎಂದು ವಿಚಾರಿಸಿದ. ಆಯಿತು ಎಂದು ಆನಂದ ಫೋನ್ ಇಟ್ಟ.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಎನ್ನುತ್ತಾರೆ. ಆನಂದ ಇಬ್ಬರನ್ನೂ ಮಾಡಿದ. ಗಣಪತಿ ಮಾತ್ರ ಬಹಳ ಚೆನ್ನಾಗಿ ಬಂತು. ಮಾರನೆಯ ದಿನ ಮುದಸ್ಸಿರ್ ತಾನೇ ಮನೆಗೆ ಬಂದು, ಸ್ಮಶಾನದಂತಿದ್ದ ಹಾಲಿನಲ್ಲಿ ಕೂತು ಏನೋ ಒಂದು ಸಾಲು ಟೈಪ್ ಮಾಡಿದ. ಕರೀ ಪರದೆ ಬೆಳಗಿತು. ಮೇಲೆ ಲಿನಕ್ಸ್, ಕೆಳಗೆ ವಿಂಡೋಸ್, ಯಾವುದು ಬೇಕು ಎಂದು ಕೇಳಿತು. ಎರಡೂ ತೆರೆದವು. ಒಂದು ಫೋಟೋ ಕಳೆದಿರಲಿಲ್ಲ, ಒಂದಕ್ಷರ ಅಳಿಸಿರಲಿಲ್ಲ. ಇಷ್ಟು ಸುರಕ್ಷಿತವಾಗಿ ಯಾರೂ ಮಾಡಿದ್ದನ್ನು ನಾನು ನೋಡಿಲ್ಲ ಗುರು ಎಂದು ಮುದಸ್ಸಿರ್ ಕೈ ಕುಲುಕಿದ. ಯಾರೂ ಅವನಿಗೆ ಕಾಫಿ ಕೊಡಲಿಲ್ಲ, ಕೊಡಬೇಕಾದವರು ಯಾರು ಎಂಬುದೇ ಇನ್ನೂ ತೀರ್ಮಾನವಾಗಿರಲಿಲ್ಲ.

ಸಂಕ್ರಾಂತಿಗೆ ಆ ಮನೆಯಿಂದ ಬೀದಿಯವರಿಗೆಲ್ಲ ಎಳ್ಳುಬೆಲ್ಲ ಎರಡೆರಡು ಸಲ ಬಂತು. ಬೀದಿಗೆ ಅರ್ಥವಾಯಿತು. ಮಹಡಿಯ ಮೇಲೆ ಹೊಸ ಸಿಂಕು ಬಂತು, ಹೊಸ ಗ್ಯಾಸ್ ಸ್ಟೌ ಬಂತು. ಹಲಸೂರಿನಿಂದ ಶ್ರೀನಾಥ್ ಬಂದು ಹಾಲಿನಲ್ಲಿ ಕೂತ. ಕೋರ್ಟಿಗೆ ಹೋಗುವುದು ಬೇಡ, ಮನೆಯ ಮರ್ಯಾದೆ ಮನೆಯಲ್ಲೇ ಇರಲಿ ಎಂದ. ಕೆಳಗಿನದು ಅಣ್ಣನಿಗೆ, ಮಹಡಿ ತಮ್ಮನಿಗೆ, ಬಾಡಿಗೆ ಕಟ್ಟಡಗಳು ಹೀಗೆ ಹೀಗೆ ಎಂದು ಎಲ್ಲವೂ ಸರಾಗವಾಗಿ ಹರಿಯಿತು. ಕಂಪ್ಯೂಟರ್ ತನಗೆ ಬೇಡ ಎಂದು ಮುನಿಆಂಜನಪ್ಪ ಮುಖ ತಿರುಗಿಸಿದ. ಆನಂದ ಅಣ್ಣನದೆಲ್ಲ ತುಂಬಿದ್ದ ಆ ಹೊಸ ಹಾರ್ಡ್ ಡಿಸ್ಕನ್ನು ತಂದು ಅವನ ಎದುರಿಗೆ ಹಿಡಿದ. "ಎಲ್ಲಾ ಇದೆ ಅಣ್ಣ. ಅಪ್ಪನ ಫೋಟೋ ಎಲ್ಲಾ. ಡೇಟಾ ಒಂಚೂರೂ ಹೋಗಿಲ್ಲ" ಎಂದ. ಮುನಿಆಂಜನಪ್ಪ ತಮ್ಮನ ಮುಖ ನೋಡಲಿಲ್ಲ. ಅಲ್ಲಿಡು ಎಂದ.

ಕೊನೆಗೆ ಉಳಿದದ್ದು ಆಂಜನಮ್ಮ. ಯಾರ ಹತ್ತಿರ ಇರುತ್ತೀರಿ ಅಮ್ಮ ಎಂದು ಶ್ರೀನಾಥ್ ಕೇಳಿದ. ಅವಳು ಯಾರ ಹೆಸರನ್ನೂ ಹೇಳಲಿಲ್ಲ. ಒಬ್ಬನ ಹೆಸರು ಹೇಳಿದರೆ ಇನ್ನೊಬ್ಬ ಉಳಿಯುತ್ತಾನಲ್ಲ. ಆಗ ಶ್ರೀನಾಥನೇ ದಾರಿ ಹೇಳಿದ. ಪ್ರತಿ ತಿಂಗಳು ಒಂದರಿಂದ ಹದಿನೈದರವರೆಗೆ ಹಿರಿಯ ಮಗನ ಮನೆ, ಹದಿನಾರರಿಂದ ಮೂವತ್ತರವರೆಗೆ ಕಿರಿಯ ಮಗನ ಮನೆ. ಊಟ, ಔಷಧಿ, ಬಟ್ಟೆ ಒಗೆಯುವುದು ಎಲ್ಲ ಆಯಾ ಮನೆಯವರದು. ಇಬ್ಬರಿಗೂ ಸಮ, ತಕರಾರಿಗೆ ಜಾಗವೇ ಇಲ್ಲ ಎಂದು ಅವನು ಪೆನ್ನು ಮುಚ್ಚಿದ. ಫೆಬ್ರುವರಿ ಒಂದನೆಯ ತಾರೀಖಿನಿಂದ ಅದು ಜಾರಿಗೆ ಬಂತು. ಆಂಜನಮ್ಮನ ಬಟ್ಟೆಯ ಚೀಲ ಮೆಟ್ಟಿಲು ಹತ್ತುವುದು ಇಳಿಯುವುದು ಶುರುವಾಯಿತು. ಅಣ್ಣತಮ್ಮಂದಿರು ಮಾತ್ರ ಆ ಮೆಟ್ಟಿಲಿನಲ್ಲಿ ಎದುರುಬದುರಾಗದಂತೆ ನೋಡಿಕೊಂಡರು.

ಯುಗಾದಿ ಕಳೆದ ಮೇಲೆ ಒಂದು ರಜೆಯ ದಿನ. ಪದ್ಮಶ್ರೀ ಗಂಡನಿಗೆ ಒಂದು ಡಬ್ಬಿಯಲ್ಲಿ ಚಿತ್ರಾನ್ನ ಕಲಸಿಟ್ಟು ಮಕ್ಕಳನ್ನು ಕರೆದುಕೊಂಡು ದೊಮ್ಮಲೂರಿನ ತವರಿಗೆ ಹೋಗಿದ್ದಳು. ಆನಂದ ಉಂಡು, ತಟ್ಟೆ ತೊಳೆದಿಟ್ಟು, ಮಹಡಿಯ ಮೇಲಿನ ತನ್ನ ಪಾಲಿನ ಹಾಲಿನಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ. ಆಂಜನಮ್ಮ ಮೆಟ್ಟಿಲು ಹತ್ತಿ ಬಂದು ಅವನ ಪಕ್ಕದ ಕುರ್ಚಿಯಲ್ಲಿ ಕೂತಳು. ಅಮ್ಮ ತಾನಾಗಿ ಕಂಪ್ಯೂಟರಿನ ಹತ್ತಿರ ಬಂದದ್ದು ಅದೇ ಮೊದಲು. ಆನಂದನಿಗೆ ಸಂತೋಷವಾಯಿತು. ಕ್ಷಮಿಸಿದ್ದಾಳೆ ಎಂದುಕೊಂಡ. ಆವತ್ತು ಮಾಡಿದ್ದು ಇದನ್ನೇ ಅಮ್ಮ ಎಂದು ಆಫ್ ಮಾಡಿ, ಆನ್ ಮಾಡಿ, ಎರಡು ಹೆಸರುಗಳನ್ನೂ ಬೆರಳಿಟ್ಟು ತೋರಿಸಿದ.

"ಒಂದೇ ಡಬ್ಬದಾಗೆ ಎರಡು ಸಂಸಾರವಾ?" ಎಂದು ಆಂಜನಮ್ಮ ಕೇಳಿದಳು.

"ಹೂಂ ಅಮ್ಮ."

"ಜಗಳ ಆಡಾಕಿಲ್ವಾ?"

"ಆಡಲ್ಲ. ಒಂದು ಎದ್ದಿದ್ರೆ ಇನ್ನೊಂದು ಮಲ್ಗಿರ್ತದೆ. ಒಂದರ ಮುಖ ಇನ್ನೊಂದು ನೋಡೋದೇ ಇಲ್ಲ."

ಆಂಜನಮ್ಮ ಪರದೆಯ ಹತ್ತಿರಕ್ಕೆ ಬಾಗಿ ನೋಡಿದಳು. ಅವಳ ತುಟಿ ಒಣಗಿತ್ತು. "ಇದ್ರಾಗೆ ತಾಯಿ ಅಂತ ಯಾರೂ ಇಲ್ವೇನಪ್ಪ?"

ತನಗೆ ಉತ್ತರ ಗೊತ್ತಿರುವ ಪ್ರಶ್ನೆಯನ್ನು ಯಾರಾದರೂ ಕೇಳಿದರೆ ಆನಂದನಿಗೆ ಮೈಮೇಲೆ ಎಚ್ಚರ ಇರುವುದಿಲ್ಲ. "ಇದಾಳಮ್ಮ! ಮದರ್‌ಬೋರ್ಡ್ ಅಂತಾನೇ ಹೆಸ್ರು. ಅವ್ಳನ್ನ ಮಾತ್ರ ಪಾರ್ಟಿಷನ್ ಮಾಡೋಕಾಗಲ್ಲ. ಇಬ್ರಿಗೂ ಒಬ್ಳೇ" ಎಂದ.

"ಇಬ್ರಿಗೂ ಒಬ್ಳೇನಾ. ಹಂಗಾದ್ರೆ ಇವತ್ತು ಅವ್ಳಿಗೆ ಊಟ ಯಾರ್ ಹಾಕ್ತಾರೆ?"

ಆನಂದ ನಕ್ಕ. ನಗುತ್ತಲೇ ಪರದೆಯ ಕಡೆ ತಿರುಗಿದ. ಹೊಸ ಸಿಸ್ಟಮ್ ಅಷ್ಟರಲ್ಲಿ ತೆರೆದು ಮೂಲೆಯಲ್ಲಿ ಹೊತ್ತು, ತಾರೀಖು ತೋರಿಸುತ್ತಿತ್ತು. ಮಧ್ಯಾಹ್ನ ಮೂರು ಗಂಟೆ ದಾಟಿತ್ತು. ಪದ್ಮಶ್ರೀ ತನ್ನ ಸರದಿ ಮುಗಿಯಿತೆಂದು ಅತ್ತೆಯ ಬಟ್ಟೆಯ ಚೀಲವನ್ನು ಹಿಂದಿನ ರಾತ್ರಿಯೇ ಕೆಳಗೆ ಕಳಿಸಿದ್ದಳು. ಕೆಳಗಿನವರಿಗೆ ಒಂದನೆಯ ತಾರೀಖು ನಾಳೆ. ಆವತ್ತು ಮೂವತ್ತೊಂದು.